ಹಳದಿಯಾದ ಗುಳಿ

"ನಿಮ್ಮ ಗುಳಿ ಹಳದಿ ಆಗಿದೆಯಲ್ಲ," ಎಂದ ಉದ್ದಣ್ಣ ಜೊತೆಯ ತಂತ್ರಜ್ಞೆಗೆ, ಸಾಲುಸಾಲು ಪುಟ್ಟ ಗುಳಿಗಳಿದ್ದ ರಕ್ತಪರೀಕ್ಷೆಯ ತಟ್ಟೆಯನ್ನು ಬೆಳಕಿಗೆ ಹಿಡಿದು.

ಆ ಪ್ರಯೋಗಾಲಯದಲ್ಲಿ ಮೊದಲಿನಿಂದಲೂ ಒಂದು ರೂಢಿಯಿತ್ತು. ಹೊಸ ಪರೀಕ್ಷಾ ಕಿಟ್ ಬಂದರೆ, ಅಲ್ಲಿನ ಸಿಬ್ಬಂದಿ ರೋಗವಿಲ್ಲದ ರಕ್ತವೆಂದು ತಮ್ಮದನ್ನೇ ಹಾಕಿ ನೋಡುತ್ತಿದ್ದರು. ಅಲ್ಲೇ ಕೂದಲು ನರೆತರೂ ಉದ್ದಣ್ಣನಿಗೆ ಸೂಜಿ ಕಂಡರೆ ಜೀವ ಹೋಗುತ್ತಿತ್ತು, ಹಾಗಾಗಿ ಯಾವಾಗಲೂ ಅವಳದೇ ತೋಳು. ಅಂದು ರುಬೆಲ್ಲಾ ಕಿಟ್ಟಿನ ಸರದಿ. ಅವಳ ರಕ್ತ ಹಾಕಿದ ಗುಳಿಗೆ ಬಣ್ಣ ಬರಬಾರದಿತ್ತು. ಬಂದರೆ ಐಜಿಎಂ ಇದೆ ಎಂದರ್ಥ. ವೈರಸ್ ಮೈಹೊಕ್ಕಾಗ ಮೊದಲು ಏಳುವ ಪ್ರತಿಕಾಯ ಅದು. ಅವಳು ಮೂರು ತಿಂಗಳ ಬಸುರಿ. ಈ ಸೋಂಕು ತಾಯಿಗೆ ನೆಗಡಿಯಷ್ಟು ಹಗುರ, ಒಳಗಿರುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು.

ಗಂಡ ಫೋನ್ ಮಾಡಿ ಹೇಗಿದ್ದೀ ಎಂದಾಗ ಚೆನ್ನಾಗಿದ್ದೀನಿ ಎಂದು ಸುಳ್ಳು ಹೇಳಿ ಇಟ್ಟಳು. ಕಿಟ್ಟೇ ಸರಿಯಿಲ್ಲವೇನೋ ಎಂದು ಉದ್ದಣ್ಣ ಗೊಣಗುತ್ತ ಇನ್ನೊಮ್ಮೆ ಹಾಕಿದ. ಮತ್ತೆ ಹಳದಿಯೇ. ಕೆಲವರಲ್ಲಿ ಸೋಂಕು ಮುಗಿದು ಎಷ್ಟೋ ಕಾಲವಾದರೂ ಐಜಿಎಂ ಜಾಗ ಖಾಲಿ ಮಾಡುವುದಿಲ್ಲ ಎಂದು ಅವಳೇ ಕಂಡವರ ವರದಿಗಳಲ್ಲಿ ಬರೆದಿದ್ದಳು. ತನ್ನ ಮೈಗೆ ಬಂದಾಗ ಆ ವಾಕ್ಯ ಯಾವ ಸಮಾಧಾನವನ್ನೂ ಕೊಡಲಿಲ್ಲ. ಆದರೆ ತಲೆ ಮೇಲೆ ಕೈಹೊತ್ತು ಕೂರುವ ಜಾಯಮಾನ ಅವಳದಲ್ಲ.

"ಕೆಲಸಕ್ಕೆ ಸೇರಿದಾಗ ನಮ್ಮೆಲ್ಲರ ರಕ್ತ ತೆಗೆದಿಟ್ಟಿದ್ರಲ್ಲ, ನಂದು ಇನ್ನೂ ಫ್ರೀಜರಲ್ಲಿದೆ," ಎಂದಳು. "ಅದನ್ನೂ ಇವತ್ತಿಂದನ್ನೂ ಪಕ್ಕಪಕ್ಕ ಹಾಕಿ. ಐಜಿಎಂ ನೋಡಿ, ಹಳೇ ಸೋಂಕಿನ ಐಜಿಜಿನೂ ನೋಡಿ. ಎರಡರಲ್ಲೂ ಅಷ್ಟಷ್ಟೇ ಬಂದ್ರೆ, ಇದು ನನಗೆ ಕೆಲಸಕ್ಕೆ ಸೇರೋ ಮುಂಚೆನೇ, ಮದುವೆಗೂ ಮುಂಚೆನೇ ಬಂದುಹೋಗಿದೆ, ಕೂಸಿಗೆ ಭಯವಿಲ್ಲ."

"ಬರದಿದ್ರೆ?"

"ಆಮೇಲೆ ನೋಡ್ಕೊಳ್ಳೋಣ. ಈಗ ಹಾಕಿ."

ಅವರವರ ರಕ್ತದ ಫಲಿತಾಂಶವನ್ನು ಅವರವರೇ ಓದಬಾರದೆಂಬುದೂ ಅಲ್ಲಿನ ಕಟ್ಟುಪಾಡು. ಆದ್ದರಿಂದ ಅವಳು ಹೊರಗೆ, ವರದಿಗೆ ಕಾಯುವವರ ಬೆಂಚಿನ ಮೇಲೆ ಕೂತಳು. ಪಕ್ಕದ ಅಜ್ಜಿ ತಮ್ಮ ಸರದಿ ಯಾವಾಗ ಎಂದು ಕೇಳಿದರು. ಇನ್ನೇನು ಕರೀತಾರೆ ಎಂದಳು. ಅಜ್ಜಿಯನ್ನು ಕರೆದರು. ಆಮೇಲೆ ಬಂದವರನ್ನೂ ಕರೆದರು. ದಿನಾ ಬಾಗಿಲಾಚೆ ಜನ ಹೀಗೆ ಜೀವ ಕೈಯಲ್ಲಿ ಹಿಡಿದು ಕೂತಿರುತ್ತಾರೆಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಕೊನೆಗೆ ಉದ್ದಣ್ಣ ತಟ್ಟೆಯನ್ನೇ ಹಿಡಿದು ಹೊರಗೆ ಬಂದ. ಹಾಗೆ ತರುವುದು ತಪ್ಪು. ಅವನ ಮುಖ ನೋಡಿ ಬಯ್ಯಲು ಮನಸ್ಸಾಗಲಿಲ್ಲ.

"ಮೇಲಿನ ಜೋಡಿ ಐಜಿಎಂ, ಕೆಳಗಿನದು ಐಜಿಜಿ," ಎಂದ. "ಯಾವುದು ಹಳೇ ರಕ್ತ, ಯಾವುದು ಇವತ್ತಿಂದು, ನೀವೇ ಹೇಳಿ."

ಅವಳು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿ ಮತ್ತೆ ಹಿಡಿದಳು. ಕಣ್ಣು ಮಂಜಾಗುವವರೆಗೂ ನೋಡಿದಳು, ಎರಡು ಜೋಡಿಯಲ್ಲೂ ಹಳದಿ ಒಂದೇ ಸಮನಾಗಿತ್ತು, ಯಾವುದು ಯಾವುದೆಂದು ಹೇಳಲಾಗಲಿಲ್ಲ.