ಅಪ್ಪನ ಗಾಡಿಗೆ ಬೇರೆ ಪಟ್ಟಿ

ನಮ್ಮಪ್ಪನಿಗೆ ಈಗ ಇಪ್ಪತ್ತಾರು ವರ್ಷ, ನನಗೆ ಐವತ್ತೆಂಟು. ನಗುವವರು ನಗಲಿ. ಉತ್ತರದ ಹಿಮನಾಡಿನ ನಮ್ಮ ಇನುಯಿಟ್ ಜನರಲ್ಲಿ ಒಬ್ಬರು ತೀರಿಕೊಂಡರೆ ಆಮೇಲೆ ಊರಲ್ಲಿ ಹುಟ್ಟುವ ಕೂಸಿಗೆ ಅವರ ಹೆಸರಿಡುತ್ತೇವೆ. ಹೆಸರು ಬಂತೆಂದರೆ ಮನುಷ್ಯ ಬಂದ ಹಾಗೆ, ಅವನ ನೆಂಟಸ್ತಿಕೆಯೂ ಬಂದ ಹಾಗೆ. ಅಪ್ಪ ತೀರಿಕೊಂಡ ವರ್ಷವೇ ನಮ್ಮ ಮನೆಯ ಆಚೆ ಬೀದಿಯಲ್ಲಿ ಹುಟ್ಟಿದ ಗಂಡುಮಗುವಿಗೆ ಕೂನೂ ಎಂದು ಅಪ್ಪನ ಹೆಸರನ್ನೇ ಇಟ್ಟರು. ಅಂದಿನಿಂದ ನಾನೂ ನನ್ನ ತಮ್ಮ ಜೋನಸಿಯೂ ಅವನನ್ನು 'ಅಪ್ಪಾ' ಎನ್ನುತ್ತೇವೆ. ಅವನು ತಾಯಿಯ ಬೆನ್ನ ಮೇಲೆ ಕೂತು ಜೊಲ್ಲು ಸುರಿಸುತ್ತಿದ್ದಾಗಲೂ ಹಾಗೇ ಅಂದೆವು. ನಮ್ಮಮ್ಮ ಆಲೂಕಿ ಅವನನ್ನು ಕರೆಯುವುದು 'ರೀ' ಎಂದು. ಅವನು ಈಗ ಊರಿಗೆ ನೀರು ಹಂಚುವ ಲಾರಿ ಓಡಿಸುತ್ತಾನೆ. ಮಧ್ಯಾಹ್ನ ಲಾರಿ ನಿಲ್ಲಿಸಿ, ಬಾಗಿಲಲ್ಲಿ ತಲೆ ತೂರಿಸಿ, "ಇವಳೇ, ಟೀ ಆಯ್ತಾ?" ಎಂದು ಕೂಗಿದಾಗ ಎಂಬತ್ತು ದಾಟಿದ ಅಮ್ಮನ ಮುಖ ನೋಡಬೇಕು.

ಹೀಗೆ ಹೆಸರು ಹೊತ್ತು ಬಂದವರನ್ನು ಗದರಬಾರದು, ಗದರಿದರೆ ಹೆಸರು ಮುನಿಸಿಕೊಂಡು ಎದ್ದು ಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅಮ್ಮ ಇದನ್ನು ಒಂದು ಕೈ ಹೆಚ್ಚೇ ಪಾಲಿಸಿದಳು. ಕೂನೂ ಚಿಕ್ಕವನಿದ್ದಾಗ ಕಲ್ಲೆಸೆದು ನಮ್ಮ ಕಿಟಕಿ ಒಡೆದ. ಅಮ್ಮ ಗಾಜು ಗುಡಿಸುತ್ತಾ, "ಮನೇಲಿ ಗಾಳಿ ಸಾಲ್ದು ಅನ್ನಿಸಿರ್ಬೇಕು ಪಾಪ" ಎಂದಳು. ನಾನು ಆ ವಯಸ್ಸಲ್ಲಿ ಒಂದು ಟೀ ಕಪ್ ಒಡೆದದ್ದಕ್ಕೆ ಸಿಕ್ಕಿದ್ದು ಏನೆಂದು ಈಗ ಹೇಳುವುದು ಬೇಡ.

ಅಮ್ಮನಿಗೆ ಅದಕ್ಕೆ ಕಾರಣವಿತ್ತು. ಮೊದಲಿನ ಅಪ್ಪನಿಗೆ ಕಾಯಿಲೆ ಜೋರಾದಾಗ ದಕ್ಷಿಣದ ಆಸ್ಪತ್ರೆಗೆ ವಿಮಾನದಲ್ಲಿ ಕರೆದುಕೊಂಡು ಹೋದರು. ಅಪ್ಪನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವತ್ತಂತೂ ಯಾರೂ ಹತ್ತಿರ ಸುಳಿಯುವಂತಿರಲಿಲ್ಲ. ಕೈಗವಸು ಒಲೆಯ ಮೇಲಿನ ಹಗ್ಗದಲ್ಲೇ ನೇತಾಡುತ್ತಿದ್ದದ್ದನ್ನು ಅಮ್ಮ ನೋಡಿದ್ದಳು. ಹೇಳಿದರೆ ರೇಗುತ್ತಾರೆಂದು ಸುಮ್ಮನಾದಳು. ಅಪ್ಪ ಆ ಚಳಿಯಲ್ಲಿ ಬರಿಗೈಯಲ್ಲಿ ವಿಮಾನ ಹತ್ತಿದರು, ತಿರುಗಿ ಬಂದದ್ದು ಪೆಟ್ಟಿಗೆಯಲ್ಲಿ. ಕೈಗವಸಿಗೂ ಸಾವಿಗೂ ಸಂಬಂಧವಿಲ್ಲ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಅಮ್ಮ ಹೂಂ ಎನ್ನುತ್ತಾಳೆ, ಅಷ್ಟೆ. ಅವತ್ತು ಬರಿಗೈಯಲ್ಲಿ ಕಳಿಸಿದವಳು, ತಿರುಗಿ ಬಂದವನ ಮನಸ್ಸು ಇನ್ನು ನೋಯಬಾರದು ಎನ್ನುವುದೇ ಅವಳ ಲೆಕ್ಕ.

ಈ ವಸಂತಕ್ಕೆ ಅಮ್ಮನಿಗೆ ಒಂದೇ ಆಸೆ. ಹೆಪ್ಪುಗಟ್ಟಿದ ಕೊಲ್ಲಿಯ ಆಚೆ ದಡದಲ್ಲಿ, ಅವಳು ಹುಟ್ಟಿದ ಜಾಗದ ಕೆರೆಯ ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿಯಬೇಕು. ಹೋದ ವರ್ಷ ಮೆಟ್ಟಿಲಲ್ಲಿ ಜಾರಿ ಬೆನ್ನುಮೂಳೆ ಬಿರುಕುಬಿಟ್ಟು ಮಲಗಿದ್ದಳು. ಅದರ ಹಿಂದಿನ ವರ್ಷ ಕಣ್ಣಿಗೆ ಪೊರೆ ಬಂದು ಮನೆಯಲ್ಲೇ ಉಳಿದಿದ್ದಳು. "ಮುಂದಿನ ವರ್ಷ ಹೋದ್ರಾಯ್ತಮ್ಮ" ಎಂದೆ. "ಮುಂದಿನ ವರ್ಷಕ್ಕೆ ನನ್ನ ಹೆಸರು ಯಾರ ಮಗೂಗೋ ಇಟ್ಟಿರ್ತೀರ. ಅದು ಹೋಗ್ಲಿ ಕೆರೆಗೆ" ಎಂದಳು.

ಹೋಗುವುದೇನೋ ಸರಿ, ಹೇಗೆ? ಅಮ್ಮನ ಬೆನ್ನಿಗೆ ಕುಲುಕಾಟ ಆಗಕೂಡದೆಂದು ನರ್ಸು ಹೇಳಿದ್ದಳು. ಜಾರುಬಂಡಿಯ ಪೆಟ್ಟಿಗೆಯಲ್ಲಿ ಕೂರಿಸಿ ಎಳೆದರೆ ಮಂಜುಗಡ್ಡೆಯ ಉಬ್ಬುತಗ್ಗಿಗೆ ಮೂಳೆ ಪುಡಿಪುಡಿ. ಜೋನಸಿಯ ಹಿಮಗಾಡಿಗೆ, ಅದೇ ಸ್ನೋಮೊಬೈಲಿಗೆ, ಒಬ್ಬರೇ ಕೂರುವ ಸೀಟು, ಅದೂ ಡೇರೆ ಸಾಮಾನಿನ ಬಂಡಿ ಎಳೆಯಬೇಕು. ಇನ್ನು ಉಳಿದದ್ದು ಮೊದಲಿನ ಅಪ್ಪನ ಹಳೆಯ ಗಾಡಿ. ಉದ್ದನೆಯ ಸೀಟು, ಹಿಂದೆ ಒರಗಲು ದಿಂಬು. ಅದರ ಎಂಜಿನ್ ಬದಲಾಗಿದೆ, ಸೀಟು ಬದಲಾಗಿದೆ, ಆದರೂ ಅದು ಅಪ್ಪನ ಗಾಡಿಯೇ. ಆದರೆ ಅದರ ಕಾಲು ಹೋಗಿತ್ತು. ಅಡಿಯಲ್ಲಿ ಸುತ್ತುವ ರಬ್ಬರ್ ಪಟ್ಟಿಯ ಹಲ್ಲುಗಳು ಅರ್ಧಕ್ಕರ್ಧ ಉದುರಿ ದಾರ ಕಾಣುತ್ತಿತ್ತು. ಪಟ್ಟಿಯೊಳಗಿನ ಸಸ್ಪೆನ್ಷನ್‌ನಲ್ಲಿ ಒಂದು ಸ್ಪ್ರಿಂಗು ತುಂಡಾಗಿತ್ತು, ಇನ್ನೊಂದು ಇದ್ದೂ ಇಲ್ಲದಂತಿತ್ತು. ಅದರ ಮೇಲೆ ಕೂತು ಅಂಗಡಿಯವರೆಗೆ ಹೋಗಿಬಂದರೆ ನನ್ನ ಹಲ್ಲೇ ಅಲುಗಾಡುತ್ತಿತ್ತು.

ಕೂನೂ ಸೀದಾ ಊರ ರೇಡಿಯೋಗೆ ಹೋಗಿ ಮೈಕ್ ಹಿಡಿದ. "ಉದ್ದ ಪಟ್ಟಿಯ ಹಳೇ ಗಾಡಿ ಯಾರ ಮನೆ ಹಿಂದಾದ್ರೂ ಬಿದ್ದಿದ್ರೆ ದಯವಿಟ್ಟು ಹೇಳಿ. ನನ್ನ ಹೆಂಡ್ತೀನ ಕೆರೆಗೆ ಕರ್ಕೊಂಡು ಹೋಗ್ಬೇಕು. ಅವಳಿಗೆ ಬೆನ್ನು ನೋವು."

ಊರೆಲ್ಲ ನಕ್ಕಿತು. ಅಷ್ಟರಲ್ಲಿ ಒಂದು ಫೋನ್ ಬಂತು. ಬೆಟ್ಟದ ಬದಿಯ ಕೊನೆಯ ಮನೆಯ ಮುದುಕಿ ಊಲೀಪಿಕಾ. "ನಮ್ಮ ಮನೆ ಹಿಂದೆ ಒಂದು ಮಲಗಿದೆ, ತಗೊಂಡು ಹೋಗು. ಎಂಜಿನ್ ಸತ್ತಿದೆ, ಕಾಲು ಗಟ್ಟಿ ಇದೆ. ನನ್ನ ಗಂಡ ಮುಳುಗಿ ಹೋದ ಚಳಿಗಾಲ ನಮ್ಮ ಬಾಗಿಲಲ್ಲಿ ಸೀಲ್ ಮಾಂಸ ಇಟ್ಟು, ಮಾತಾಡ್ದೆ ಹೋಗ್ತಿದ್ದೆ ನೀನು. ನಿಂಗೆ ಮರ್ತಿದೆಯೋ ಏನೋ. ನನ್ನ ಮಕ್ಳು ಬದುಕಿದ್ದೇ ಅದ್ರಿಂದ ಕೂನೂ."

"ಮರೆಯೋದುಂಟಾ?" ಎಂದ ಕೂನೂ, ಹುಟ್ಟುವ ಮುಂಚಿನ ಮಾತಿಗೆ. ಆದರೆ ಆ ಗಾಡಿಯನ್ನು ಹಿಮದಿಂದ ಅಗೆದು ತೆಗೆಯುವಾಗ ಅವನು ಒಂದು ತಮಾಷೆಯನ್ನೂ ಆಡಲಿಲ್ಲ. ಕೊನೆಗೆ, "ನಾನು ಮಾಡ್ದೇ ಇರೋ ಒಳ್ಳೇದಕ್ಕೆ ಎಷ್ಟು ಜನ ನಂಗೆ ಉಣ್ಣಿಸ್ತಾರೆ ಮಗಳೇ" ಎಂದ. ಅಪ್ಪ ಮಾಂಸ ಇಟ್ಟುಬರುತ್ತಿದ್ದ ವಿಷಯ ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಮನೆಯ ಮುಂದೆ, ಮೇ ತಿಂಗಳ ಬಿಸಿಲಲ್ಲಿ ಕೆಲಸ ಶುರುವಾಯಿತು. ಅಪ್ಪನ ಗಾಡಿಯನ್ನು ಮಗ್ಗುಲಿಗೆ ಉರುಳಿಸಿ, ಅಡಿಗೆ ಹಳೆಯ ಕ್ಯಾರಿಬೂ ಜಿಂಕೆಯ ಚರ್ಮ ಹಾಸಿದೆವು. ಪಟ್ಟಿಯ ಬಿಗಿ ಸಡಿಲಿಸಿ, ಬೋಲ್ಟು ಬಿಚ್ಚಿ, ಸಸ್ಪೆನ್ಷನ್ನನ್ನು ಇಡಿಯಾಗಿ ಹೊರಗೆ ಎಳೆದಾಗ ತುಂಡಾದ ಸ್ಪ್ರಿಂಗು ತಾನಾಗಿ ಕಳಚಿಬಿತ್ತು. ಚೈನಿನ ಡಬ್ಬಿ ತೆರೆದು, ಎಣ್ಣೆ ಬಸಿದು, ಪಟ್ಟಿಯನ್ನು ತಿರುಗಿಸುವ ಅಚ್ಚು ಜಾರಿಸಿದ ಮೇಲೆ ಹಳೆಯ ಪಟ್ಟಿ ಕೈಗೆ ಬಂತು. ಊಲೀಪಿಕಾಳ ಗಾಡಿಯದನ್ನೂ ಹೀಗೇ ಬಿಚ್ಚಿದೆವು. ಅದರ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಎಲ್ಲ ಹೊಸದರಂತೆ ಇದ್ದವು. ಕೂನೂ ಬೆವರು ಸುರಿಸಿ, ಹಾಡು ಗುನುಗುತ್ತಾ ಆ ಸಸ್ಪೆನ್ಷನ್ನಿನ ಜೊತೆಗೆ ಆ ಪಟ್ಟಿಯನ್ನು ನಮ್ಮ ಗಾಡಿಗೆ ತೊಡಿಸಿದ.

ತೊಡಿಸಿದ್ದು ಹಿಂದುಮುಂದಾಗಿ.

ಆ ಪಟ್ಟಿಯ ಹಲ್ಲುಗಳಿಗೆ ಬೊಗಸೆಯಂತೆ ಒಂದು ಬಾಗು ಇರುತ್ತದೆ. ಬೊಗಸೆ ಹಿಮವನ್ನು ಬಾಚಿ ಹಿಂದಕ್ಕೆ ತಳ್ಳಬೇಕು. ಇವನು ಹಾಕಿದ ರೀತಿಗೆ ಅದು ಬೆನ್ನು ಮಾಡಿಕೊಂಡು ಸವರಿಕೊಂಡು ಹೋಗುತ್ತಿತ್ತು. ಮಟ್ಟಸವಾದ ಕಡೆ ಗಾಡಿ ಓಡುತ್ತದೆ. ಒದ್ದೆ ಮಂಜುಗಡ್ಡೆಯ ಏರು ಬಂದರೆ ಜಾರಿ ಹಿಂದಕ್ಕೆ ಬರುತ್ತದೆ, ಹಿಂದೆ ಕೂತವರ ಸಮೇತ. ನಾನು ನೋಡಿದೆ. ಜೋನಸಿಯೂ ನೋಡಿದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ಸಿಗರೇಟು ಸೇದಲು ಮನೆ ಹಿಂದಕ್ಕೆ ಹೋದ.

ನಾನೂ ಹಿಂದೆಯೇ ಹೋಗಿ, "ಹೇಳೋ" ಎಂದೆ.

"ನೀನು ಹಿರೀ ಮಗಳು, ನೀನು ಹೇಳು."

"ಅಪ್ಪನಿಗೆ ಹೋಗಿ ನಿಮ್ಗೆ ಕೆಲ್ಸ ಬರಲ್ಲ ಅಂತ ಹೇಳ್ಲಾ? ನಾಲಿಗೆ ಬಿದ್ದು ಹೋಗುತ್ತೆ."

"ಹಾಗಾದ್ರೆ ನಂದು ಬೀಳ್ಬೋದಾ?"

ಹೊರಗಿನವರಿಗೆ ಇದು ಹುಚ್ಚಾಟ ಅನ್ನಿಸಬಹುದು. ಏನು ಮಾಡುವುದು, ನಾವು ಬೆಳೆದದ್ದೇ ಹಾಗೆ. ಸುತ್ತಿ ಬಳಸಿ ಸೂಚನೆ ಕೊಟ್ಟು ನೋಡಿದೆ. ಟೀ ಕೊಡುತ್ತಾ, "ಹಲ್ಲು ಎಷ್ಟು ಚೆನ್ನಾಗಿ ಕಾಣ್ತಿವೆ ಅಲ್ವಾ ಅಪ್ಪಾ, ಎಲ್ಲಾ ಒಂದೇ ಕಡೆ ತಿರುಗಿವೆ" ಎಂದೆ. "ಹೌದು ಮಗಳೇ, ಭಾರೀ ಲಕ್ಷಣ" ಎಂದು ಕೂನೂ ಬೋಲ್ಟು ಬಿಗಿದ. ಗಾಡಿಯನ್ನು ರಸ್ತೆಯಲ್ಲಿ ಓಡಿಸಿ ತೋರಿಸಿದ. ಓಡಿತು. ಸ್ಪ್ರಿಂಗುಗಳು ಎಷ್ಟು ಮೆತ್ತಗಿದ್ದವೆಂದರೆ ಕಲ್ಲು ಹತ್ತಿದ್ದೇ ತಿಳಿಯಲಿಲ್ಲ. ನಾಳೆ ಬೆಳಿಗ್ಗೆ ಹೊರಡುವುದೆಂದು ನಿಶ್ಚಯವಾಯಿತು. ದಡದ ಮಂಜುಗಡ್ಡೆಯ ಬಿರುಕುಗಳು ಅಗಲವಾಗುತ್ತಿದ್ದವು. ಇನ್ನು ಸ್ವಲ್ಪ ದಿನ ಬೆಚ್ಚನೆ ಗಾಳಿ ಬೀಸಿದರೆ ದಾರಿಯೇ ಮುಚ್ಚಿಹೋಗುತ್ತಿತ್ತು.

ಬೆಳಿಗ್ಗೆ ಸಾಮಾನೆಲ್ಲ ಕಟ್ಟಿ ಅಮ್ಮನನ್ನು ಕರೆತಂದೆವು. ಅವಳ ಕಣ್ಣಿಗೆ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣದು. ಕೋಲೂರಿಕೊಂಡು ಗಾಡಿಯ ಸುತ್ತ ಬಂದಳು. ಮೂತಿ ಸವರಿದಳು, ಸೀಟು ತಟ್ಟಿದಳು. "ಬೇರೆ ಕಾಲು ಎಲ್ಲಿ, ನೋಡೋಣ" ಎಂದು ಮೆಲ್ಲಗೆ ಬಗ್ಗಿ, ಕೈಗವಸು ತೆಗೆದು, ಪಟ್ಟಿಯ ಮೇಲೆ ಅಂಗೈ ಆಡಿಸಿದಳು. ಬೂಟು ಹೊಲಿಯುವ ಮುಂಚೆ ಸೀಲ್ ಚರ್ಮದ ಕೂದಲು ಯಾವ ಕಡೆ ಬಾಗಿದೆ ಎಂದು ನೋಡುವಾಗಲೂ ಅವಳು ಹೀಗೇ ಸವರುವುದು. ಒಮ್ಮೆ ಹಿಂದಕ್ಕೆ ಸವರಿದಳು, ಒಮ್ಮೆ ಮುಂದಕ್ಕೆ.

"ರೀ!" ಬೀದಿಯ ನಾಯಿಗಳೆಲ್ಲ ತಲೆಯೆತ್ತಿದವು. "ಕುರುಡಿ ನಾನಾ ನೀವಾ? ಇದನ್ನ ಹಿಂದುಮುಂದು ಹಾಕಿದೀರಲ್ರೀ! ದಡ ಹತ್ತೋವಾಗ ನನ್ನ ನೀರಿಗೆ ಕೆಡವ್ಬೇಕು ಅಂತಿದೀರಾ? ಇಷ್ಟು ದೊಡ್ಡ ಗಂಡಸು, ಕಣ್ಣು ಎಲ್ಲಿಟ್ಟಿದ್ರಿ?"

ಕೂನೂ ಕೆಂಪಾದ. ನಾನು ನೆಲ ನೋಡಿದೆ. ಅಮ್ಮ ನಮ್ಮ ಕಡೆ ತಿರುಗಿದಳು. "ನಿಮ್ಗೂ ಕಾಣಿಸ್ಲಿಲ್ವಾ?"

"ಕಾಣಿಸ್ತು" ಎಂದ ಜೋನಸಿ, ನೆಗಡಿ ಬಂದವನ ಧ್ವನಿಯಲ್ಲಿ. "ಅಪ್ಪನಿಗೆ ಹೇಗಮ್ಮ ಹೇಳೋದು?"

ಆಗ ಅಮ್ಮನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಬಾಯಿಗೆ ಕೈ ಅಡ್ಡ ಹಿಡಿದು ನಿಂತಳು. ಇಪ್ಪತ್ತಾರು ವರ್ಷ ಹೂವಿನ ಹಾಗೆ ಕಾಪಾಡಿದ ಹೆಸರಿಗೆ ಬೀದಿಯಲ್ಲಿ ಬೈದಿದ್ದಳು.

ಕೂನೂ ಹಿಮದ ಮೇಲೆ ಕುಕ್ಕರಿಸಿ ಕೂತುಬಿಟ್ಟ. "ಇವಳೇ, ನೀನು ನನ್ನ ಬೈದೆಯಾ?"

ಅಮ್ಮ ಅವನ ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ನನ್ನ ಜನ್ಮದಲ್ಲಿ ಒಬ್ರೂ ಬೈದಿಲ್ಲ ಕಣೇ. ನೀರಿನ ಲಾರಿ ಸಾಹೇಬ ಬೈತಾನೆ, ಅದು ಲೆಕ್ಕಕ್ಕಿಲ್ಲ. ಏನೇ ಮಾಡಿದ್ರೂ ಟೀ ಕೊಡ್ತೀರ, ನಗ್ತೀರ. ನಾನು ನಿಮ್ಮ ಮನೆಗೆ ಅತಿಥಿ ಅಂತ ಅಂದ್ಕೊಂಡಿದ್ದೆ." ಅವನ ಕಣ್ಣು ತುಂಬಿತ್ತು, ಬಾಯಿ ಕಿವಿಯವರೆಗೆ ಹರಿದಿತ್ತು. "ಇನ್ನೊಂದ್ಸಲ ಬೈ ನೋಡೋಣ."

"ಬೈಯೋದಕ್ಕೇನು, ಬೇಕಾದಷ್ಟಿದೆ" ಎಂದಳು ಅಮ್ಮ. ಕೋಲಿನ ತುದಿಯಿಂದ ಪಟ್ಟಿಯನ್ನು ತಟ್ಟಿದಳು. "ಮೊದಲು ಎದ್ದು ಅದನ್ನ ಬಿಚ್ಚಿ."

ಮತ್ತೆ ಗಾಡಿ ಉರುಳಿಸಿದೆವು. ಒಂದು ಸಲ ಬಾಯಿ ಬಿಚ್ಚಿದ್ದೇ ತಡ, ನಮ್ಮಿಬ್ಬರ ಹೊಟ್ಟೆಯೊಳಗಿದ್ದದ್ದೆಲ್ಲ ಹೊರಗೆ ಬಂತು. "ಅಪ್ಪಾ, ಆ ಬೋಲ್ಟು ಅಡ್ಡ ಕೂತಿದೆ." "ಅಪ್ಪಾ, ಪಟ್ಟಿ ಅಷ್ಟು ಬಿಗಿ ಆಗ್ಬಾರ್ದು, ಬೆರಳು ತೂರೋ ಹಾಗಿರ್ಲಿ." "ಅಪ್ಪಾ, ನಿಮ್ಮ ಹಾಡಿನ ರಾಗಾನೂ ತಪ್ಪು." ಕೂನೂ ಎಲ್ಲದಕ್ಕೂ ಹೂಂ ಹೂಂ ಎನ್ನುತ್ತಾ, ಮದುವೆಮನೆಯಲ್ಲಿ ಓಡಾಡುವವನ ಹಾಗೆ ಓಡಾಡಿದ. ಅಮ್ಮ ಮೆಟ್ಟಿಲ ಮೇಲೆ ಕೂತಿದ್ದು, ಮುಗಿದ ಮೇಲೆ ಮತ್ತೆ ಬಂದು ಸವರಿ, ತಲೆಯಾಡಿಸಿದಳು.

ಹೊರಟಾಗ ಒಂದು ದಿನ ತಡವಾಗಿತ್ತು. ಕೊಲ್ಲಿ ದಾಟಿ ಆಚೆ ದಡ ಮುಟ್ಟಿದಾಗ ಬಿರುಕಿನಲ್ಲಿ ನೀರು ನಿಂತಿತ್ತು, ಅದರಾಚೆಗೆ ಹೊಳೆಯುವ ಒದ್ದೆ ಏರು. ಜೋನಸಿ ನನ್ನನ್ನು ಸಾಮಾನಿನ ಬಂಡಿಯ ಮೇಲೆ ಕೂರಿಸಿಕೊಂಡು ಮೊದಲು ದಾಟಿದ. ನಾನು ಇಳಿದು ತಿರುಗಿ ನಿಂತೆ. ಅಮ್ಮ ಕೂನೂನ ಸೊಂಟವನ್ನು ಎರಡೂ ಕೈಯಲ್ಲಿ ಬಳಸಿ, ಕೆನ್ನೆಯನ್ನು ಅವನ ಬೆನ್ನಿಗೊತ್ತಿ ಕೂತಿದ್ದಳು. ಗಾಡಿ ನೀರು ಚಿಮ್ಮಿಸಿ ಏರಿಗೆ ನುಗ್ಗಿತು. ಅರ್ಧದಲ್ಲಿ ಒಂದು ಕ್ಷಣ ನಿಂತಂತಾಯಿತು. ಹಲ್ಲುಗಳು ಕರಕರ ಎಂದು ಮಂಜುಗಡ್ಡೆ ಕಚ್ಚಿದವು. ಗಾಡಿ ಮೇಲೆ ಬಂತು. ಊಲೀಪಿಕಾಳ ಮನೆಯಿಂದ ಬಂದ ಪಟ್ಟಿ, ಮಾಂಸ ಇಟ್ಟು ಮಾತಾಡದೆ ಹೋಗುತ್ತಿದ್ದ ನಮ್ಮಪ್ಪ, ಮೈಕ್ ಹಿಡಿದು ಕೇಳಲು ನಾಚದ ಈ ಅಪ್ಪ, ಎಲ್ಲರಿಗೂ ನಾನು ಅಲ್ಲೇ ನಿಂತು ಕೈಮುಗಿಯಬೇಕು ಅನ್ನಿಸಿತು. "ಬೆನ್ನು ಹೇಗಿದೆಯಮ್ಮ?" ಎಂದೆ. "ಯಾವ ಬೆನ್ನು?" ಎಂದಳು.

ಕೆರೆಯ ಮೇಲೆ ಕೂನೂ ರಂಧ್ರ ಕೊರೆದ. ಅಮ್ಮನನ್ನು ಚರ್ಮದ ಮೇಲೆ ಕೂರಿಸಿ, ಗಾಳದ ದಾರವನ್ನು ಅವಳ ಕೈಗಿತ್ತ. ಕೊಡುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು.

"ಕೈಗವಸು ಎಲ್ರೀ?"

"ಗಾಡಿ ಮೇಲಿದೆ. ಬಿಡೇ, ಬಿಸಿಲಿದೆಯಲ್ಲ."

"ಹೋಗಿ ಹಾಕ್ಕೊಂಡು ಬನ್ರೀ. ಹೇಳ್ತಿದೀನಲ್ಲ."

ಅವನು ಓಡಿದ. ಅಮ್ಮ ನೀರಿನ ಕಡೆಗೇ ಮುಖ ಮಾಡಿಕೊಂಡು, "ಇಷ್ಟು ಹೇಳೋಕೆ ಎಷ್ಟು ವರ್ಷ ಬೇಕಾಯ್ತು ನೋಡೇ" ಎಂದಳು. ಕೂನೂ ಬಂದು ಮಂಡಿಯೂರಿ, ಕೈಗವಸು ಹಾಕಿದ ಕೈಯನ್ನು ಅವಳ ಮಡಿಲಿಗೆ ಇಟ್ಟ. ಅವಳು ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಹೊಲಿಗೆ ಹೊಲಿಗೆಯನ್ನೂ ಮುಟ್ಟಿ ನೋಡಿದಳು.

"ಹೂಂ, ಈಗ ಸರಿ" ಎಂದಳು.

ಇನ್ನೊಂದು ಕೈಯಲ್ಲಿದ್ದ ದಾರವನ್ನು ಮೀನು ಜಗ್ಗುತ್ತಿತ್ತು. ಅಮ್ಮ ಅವನ ಕೈ ಬಿಡಲಿಲ್ಲ.