ಹುಳುಕು ಹಲ್ಲಿನ ಚಿತ್ರ

ಬೆಳಗಾಗುವಷ್ಟರಲ್ಲಿ ಮಾವನ ಕೆನ್ನೆ ಬನ್ನಿನಂತೆ ಊದಿಕೊಂಡಿತ್ತು. ಹಲ್ಲು ಕೀಳಬೇಕೋ ಉಳಿಸಬಹುದೋ ಎಂದು ಹೇಳಬೇಕಾದ ದೊಡ್ಡ ಡಾಕ್ಟರು ಇದ್ದದ್ದು ದೂರದ ಊರಿನಲ್ಲಿ. ಅವರಿಗೆ ಎಕ್ಸ್‌ರೇ ಕಳಿಸುವ ಪ್ರೋಗ್ರಾಮ್ ಬರೆದವಳು ಇಲ್ಲಿನ ಹಲ್ಲಿನ ಕ್ಲಿನಿಕ್ಕಿನಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಸೊಸೆಯೇ. ಈ ಕ್ಲಿನಿಕ್ಕಿನ ಕಂಪ್ಯೂಟರು ಆ ಊರಿನ ಕಂಪ್ಯೂಟರನ್ನು ಕರೆದು, "ತಗೋ, ಇದನ್ನ ತೋರಿಸು" ಎಂದು ಚಿತ್ರವನ್ನು ದಾಟಿಸಬೇಕು. ಒಂದು ವಾರದಿಂದ ಚೆನ್ನಾಗಿಯೇ ದಾಟಿಸುತ್ತಿತ್ತು. ಮಾವನ ಚಿತ್ರ ಮಾತ್ರ ಅರ್ಧಕ್ಕೇ ನಿಂತಿತು.

"ಬೇರು ಕಾಣ್ತಿಲ್ಲಮ್ಮ," ಎಂದರು ಫೋನಿನಲ್ಲಿ ದೊಡ್ಡ ಡಾಕ್ಟರು. "ಮೊಬೈಲ್ ಫೋಟೋ ನೋಡಿ ನಾನು ಹೇಳಲ್ಲ. ಹನ್ನೊಂದಕ್ಕೆ ಆಪರೇಷನ್‌ಗೆ ಹೋಗ್ತೀನಿ. ಅಷ್ಟರಲ್ಲಿ ಬರದಿದ್ರೆ ಕಿತ್ತುಬಿಡಿ."

ಸೊಸೆ ಮೂರು ಸಲ ಕಳಿಸಿದಳು. ಮೂರು ಸಲವೂ ಅದೇ ಜಾಗದಲ್ಲಿ ಕತ್ತರಿ.

"ಲೈನೇ ಸರಿಯಿಲ್ಲ, ದರಿದ್ರದ್ದು!" ಎಂದು ಮೇಜು ಗುದ್ದಿದಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದರು ಮಾವ, ಕೆನ್ನೆ ಹಿಡಿದುಕೊಂಡೇ.

"ಬಾಯಿ ನೋವು ಅಂತೀರಿ, ಮಾತಿಗೇನೂ ಕಮ್ಮಿ ಇಲ್ಲ!"

"ನಾಲಿಗೆಗೆ ಹುಳುಕು ಹಿಡಿದಿಲ್ಲಮ್ಮ. ಅಲ್ಲ, ಇಷ್ಟು ದಿನ ಯಾರ ಹಲ್ಲು ಕಳಿಸ್ತಿದ್ದೆ?"

"ನಂದೇ. ಪರೀಕ್ಷೆಗೆ."

"ಮುತ್ತಿನಂಥ ಹಲ್ಲು ನೋಡಿ ರೂಢಿ ಅದಕ್ಕೆ. ನನ್ನ ಹುಳುಕು ಕಂಡು ಹೆದರಿ ನಿಂತಿದೆ, ಪಾಪ."

ಬೈಯಲು ಬಾಯಿ ತೆರೆದವಳು ಹಾಗೇ ಪರದೆಗೆ ತಿರುಗಿದಳು. ಚಿತ್ರ ನಿಂತದ್ದು ಹಲ್ಲಿನ ತೂತಿನ ಅಂಚಿನಲ್ಲಿ, ಕಡುಗಪ್ಪು ಶುರುವಾಗುವ ಕಡೆ. ಕಂಪ್ಯೂಟರಿನ ಲೆಕ್ಕದಲ್ಲಿ ಚಿತ್ರದ ಕಡುಗಪ್ಪು ಚುಕ್ಕೆಯೆಂದರೆ ಸೊನ್ನೆ, ಉಳಿದ ಬೂದು-ಬಿಳಿಗೆಲ್ಲ ಬೇರೆ ಅಂಕಿ. ಅವಳೋ ಚಿತ್ರವನ್ನು ಬರಹವೆಂದು ಹೇಳಿ ಕಳಿಸಿದ್ದಳು. ಅವಳ ಪ್ರೋಗ್ರಾಮಿನಲ್ಲಿ ಬರಹ ಮುಗಿಯಿತು ಎಂಬ ಗುರುತೂ ಅದೇ ಸೊನ್ನೆ. ಮೊದಲ ಸೊನ್ನೆ ಸಿಕ್ಕಲ್ಲಿಗೇ ಆ ಕಂಪ್ಯೂಟರು ಕೈತೊಳೆದುಕೊಂಡಿತ್ತು. ಅವಳ ಹಲ್ಲಿನಲ್ಲಿ ತೂತೇ ಇರಲಿಲ್ಲ, ಸೊನ್ನೆ ಎಲ್ಲಿಂದ ಬರಬೇಕು?

"ಥೂ, ನನ್ನ ಬುದ್ಧಿಗಿಷ್ಟು!" ಲಾರಿಯಿಂದ ಮೂಟೆ ಇಳಿಸುವವನು ಮೂಟೆ ಬಿಚ್ಚಿ ನೋಡುವುದಿಲ್ಲ, ಎಣಿಸಿ ಇಳಿಸುತ್ತಾನೆ. ಹಾಗೆಯೇ, ಮೊದಲು ಎಷ್ಟು ಬೈಟ್ ಎಂದು ಹೇಳು, ಆಮೇಲೆ ಒಳಗೇನಿದೆಯೆಂದು ಇಣುಕದೆ ಅಷ್ಟನ್ನೂ ದಾಟಿಸು ಎಂದು ಎರಡೂ ಕಡೆಯ ಪ್ರೋಗ್ರಾಮನ್ನು ಇಲ್ಲಿಂದಲೇ ತಿದ್ದಿದಳು. ಹನ್ನೊಂದಕ್ಕೆ ನಾಲ್ಕೇ ನಿಮಿಷ ಉಳಿದಿರುವಾಗ ಕಳಿಸಿದಳು.

"ಬಂತು ಬಂತು!" ಎಂದರು ಡಾಕ್ಟರು. "ಬೇರು ಕಲ್ಲಿನ ಹಾಗಿದೆ. ಕೀಳ್ಬೇಡಿ, ಕ್ಲೀನ್ ಮಾಡಿ ತುಂಬಿದ್ರೆ ಸಾಕು."

ಸೊಸೆ ಮಾವನ ಕುರ್ಚಿಯನ್ನು ತನ್ನ ಕಡೆ ಎಳೆದುಕೊಂಡಳು. "ಮಾವಾ, ಆ ಕಡೆ ಹಲ್ಲೂ ತೋರಿಸಿ. ಇನ್ನೆರಡು ತೂತು ಸಿಕ್ಕಿದ್ರೆ ಪರೀಕ್ಷೆಗಾಗುತ್ತೆ."

"ಎರಡ್ಯಾಕೆ?" ಮಾವ ಊದಿದ ಬಾಯನ್ನು ಆದಷ್ಟೂ ಅಗಲಿಸಿದರು. "ಆರಿವೆ. ಬೇಕಾದ್ದು ಆರಿಸ್ಕೋ."