ತೋಳಿನ ಅಳತೆ

ಟೈಲರ್‌ಗೆ ಮರೆವಿನ ಕಾಯಿಲೆ ಹಿಡಿದ ಮೇಲೆ ಅಂಗಡಿಯ ಭಾರವೆಲ್ಲ ಹೆಂಡತಿಯ ತಲೆಗೆ ಬಿತ್ತು. ನಾಲಿಗೆ ಚೂಪು ಅಂತ ಮದುವೆಯಾದ ಹೊಸತರಲ್ಲೇ ಅವಳಿಗೆ ‘ಸೂಜಿ’ ಎಂದು ಹೆಸರಿಟ್ಟವನು ಅವನು. ಈಗ ಆ ಹೆಸರೂ ಇಲ್ಲ, ಅವಳ ಗುರುತೂ ಇಲ್ಲ. ಒಮ್ಮೆ ಸೂಜಿ ಅಂದುಬಿಡಲಿ, ಸಾಕು ಎಂದು ಅವಳು ಕಾಯುತ್ತಿದ್ದಳು.

ಡಾಕ್ಟರು ಅವನ ಔಷಧಿಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ನೋಡಿದರು. “ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಹೋದ್ರೇ ನೆನಪು ಉಳಿಯೋದು. ಆ ಸುದ್ದಿ ಒಯ್ಯೋ ರಾಸಾಯನಿಕ ಇವರ ಮಿದುಳಲ್ಲಿ ಕಮ್ಮಿಯಾಗ್ತಿದೆ. ಇರೋ ಅಷ್ಟಾದ್ರೂ ಉಳೀಲಿ ಅಂತ ನಮ್ಮ ಮಾತ್ರೆ. ಈ ತುರಿಕೆ ಮಾತ್ರೆ ಯಾರು ಕೊಟ್ಟಿದ್ದು? ಇದು ಆ ಸುದ್ದಿಗೆ ಬಾಗಿಲೇ ತೆರೆಯೋಕೆ ಬಿಡಲ್ಲ.”

ಕೊಟ್ಟವಳು ಅವಳೇ. ಹಳೆಯ ತುರಿಕೆಗೆಂದು ಶುರುವಾದದ್ದು. ನುಂಗಿದರೆ ತೆಪ್ಪಗೆ ಕೂರುತ್ತಾನೆಂದು ನಿಲ್ಲಿಸಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ; ನಡುವೆ ಗಂಡನ ತಲೆ. ಅವಳಿಗೆ ನಾಚಿಕೆಯಿಂದ ಜೀವ ಹೋದಂತಾಯಿತು. ಉಳಿದ ಮಾತ್ರೆಗಳನ್ನು ಗುಂಡಿ ಡಬ್ಬಿಯ ತಳಕ್ಕೆ ತಳ್ಳಿದಳು.

ಕೆಲವೇ ದಿನಗಳಲ್ಲಿ ಅವನ ಮುಖಕ್ಕೆ ಕಳೆ ಬಂತು. ಅಂಗಿಯ ಗುಂಡಿಗೆ ಕಾಜಾ ಹಾಕುತ್ತಿದ್ದವಳ ಪಕ್ಕ ಬಂದು, “ಸೂಜಿ, ಹೊಲಿಗೆ ಸೊಟ್ಟ ಹೋಗ್ತಿದೆ,” ಎಂದ. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅಷ್ಟರಲ್ಲಿ ಅವನು ಅವಳ ಮುಂಗೈ ಹಿಡಿದ. ಅಲ್ಲಿ ಇಸ್ತ್ರಿಪೆಟ್ಟಿಗೆಯ ಸುಟ್ಟ ಗಾಯ, ಅವನಿಗೆ ಅವಳ ಗುರುತಿಲ್ಲದ ದಿನಗಳದ್ದು.

“ಇದೇನು?”

“ಕೈ ಜಾರ್ತು ಕಣ್ರಿ. ನಾನೇ ಸುಟ್ಕೊಂಡೆ.”

ಜೀವಮಾನವಿಡೀ ಇಸ್ತ್ರಿ ಹಿಡಿದವನ ಕಿವಿಗೆ ಹೂ ಇಡುವುದುಂಟೆ? “ಪೆಟ್ಟಿಗೆ ಮೂತಿಯ ಗುರುತು ಮೊಣಕೈ ಕಡೆಗಿದೆ. ಎದುರು ನಿಂತವರು ಒತ್ತಿದ್ದು ಇದು,” ಎಂದ. ಆಮೇಲೆ ತನ್ನ ಬಲಗೈ ನೋಡಿಕೊಂಡ. “ನಾನಾ?”

ಅವಳು ಕೈ ಹಿಂದಕ್ಕೆಳೆದುಕೊಂಡಳು. ಅವನು ಮಗುವಿನ ಹಾಗೆ ಅತ್ತ.

ಮರುದಿನ ಅದೆಲ್ಲ ಮರೆತಿದ್ದ. ಗಾಯ ಮಾತ್ರ ಮತ್ತೆ ಕಂಡಿತು. ಮತ್ತೆ ಅದೇ ಪ್ರಶ್ನೆ, ಅದೇ ಅಳು. ಅವಳು ಉದ್ದ ತೋಳಿನ ಅಂಗಿ ತೊಟ್ಟರೆ, “ಈ ಸೆಕೇಲಿ ಇದ್ಯಾಕೆ?” ಎಂದು ತಾನೇ ತೋಳಿನ ಗುಂಡಿ ಬಿಚ್ಚಿದ. ದಿನಾ ಹೊಸದಾಗಿ ತಪ್ಪಿತಸ್ಥನಾಗುವಷ್ಟು ಬುದ್ಧಿ ಮರಳಿತ್ತು. ಹೋಗ್ಲಿ ಬಿಡಿ ಎಂದು ಅವಳು ಅಂದದ್ದನ್ನು ಉಳಿಸಿಕೊಳ್ಳುವಷ್ಟು ಮರಳಿರಲಿಲ್ಲ.

ಒಂದು ಬೆಳಿಗ್ಗೆ ಅವನು ಇಸ್ತ್ರಿ ಕಾಯಿಸಿ ತನ್ನ ಕೈಗೇ ಒತ್ತಿಕೊಳ್ಳಲು ಹೋದ. ಅವಳು ಕಸಿದುಕೊಂಡಳು. ಆಮೇಲೆ ಗುಂಡಿ ಡಬ್ಬಿ ತಡಕಿದಳು.

“ಏನದು, ಸೂಜಿ?”

“ತುರಿಕೆ ಮಾತ್ರೆ.”

“ನಂಗೆಲ್ಲಿ ತುರಿಕೆ?” ಎಂದ. ಅವಳು ಕೊಟ್ಟದ್ದಲ್ಲವೆ, ನುಂಗಿದ.

ವಾರ ಕಳೆಯಿತು. ಬಾಗಿಲಲ್ಲಿ ನಿಂತವಳನ್ನು ಕಂಡು ಅವನು ಟೇಪು ಎತ್ತಿಕೊಂಡ. “ಬನ್ನಿ ಅಮ್ಮ, ಅಳತೆ ಕೊಡೋಕೆ ಬಂದ್ರಾ?”

“ಹೌದು,” ಎಂದು ಅವಳು ತೋಳು ಚಾಚಿದಳು. ಟೇಪು ಗಾಯದ ಮೇಲೆ ಹಾದುಹೋಯಿತು.

“ಉದ್ದ ತೋಳೋ, ಗಿಡ್ಡವೋ?” ಎಂದು ಅವನು ನಗುತ್ತ ಕೇಳಿದ.

“ಗಿಡ್ಡವೇ ಇರಲಿ,” ಎಂದಳು.